ಊರು ಕ್ರಮಾಂಕ ನಾಲ್ಕು

ಗಡಿ ಮ್ಯಾಲಿನ ಉಟಗಿ ಊರಾಗ ರುಬಿನಾಗ 'ನೀರಬಾಯಿ' ಅಂತ ಹೆಸರು ಬಿದ್ದಿತ್ತು. ಬೀಳದ ಏನಾಗ್ತದ ಹೇಳ್ರಿ? ಗಾದಿ ಹೊಲಿಯೋ ಲಾಲಸಾಬನ ಹಿರೇ ಮಗಳು ಜತ್ತಿನಾಗ ಕಾಲೇಜು ಮುಗಿಸಿ, ಕೊಲ್ಹಾಪುರದಾಗ ಸಮಾಜಶಾಸ್ತ್ರ ಎಂ.ಎ. ಮಾಡಿ, ಪುಣಾದ ಒಂದು ಸಂಸ್ಥಾದಾಗ ನೌಕರಿ ಹಿಡದಾಗ, ಏನೋ ಭಾಳ ದೊಡ್ಡ ಸಾಹೇಬಕಿ ಆದ್ಲು ಅಂತ ಊರು ತಿಳಕೊಂಡಿತ್ತು. ನೋಡಿದ್ರ ಹೆಗಲಿಗೆ ಒಂದು ಚೀಲ, ಚೀಲದಾಗ ಒಂದು ಟೇಪ್ ರಿಕಾರ್ಡರ್. ಊರೂರು ತಿರುಗಿ ಹೆಣ್ಣಮಕ್ಕಳಿಗೆ "ನೀರು ಎಲ್ಲಿಂದ ತರ್ತೀರಿ? ಮನ್ಯಾಗ ಯಾರು ತರ್ತೀರಿ? ಮೈಯಾಗ ಆರಾಮ ಇಲ್ಲದಾಗ ಯಾರು ತರ್ತಾರ?" ಅಂತ ಕೇಳೋದ ಆಕಿ ನೌಕರಿ!

"ಏ, ಇದನ್ನ ಕೇಳಾಕ ಪುಣಾದಿಂದ ಬರಬೇಕೇನ? ನನ್ನ ನಡಾ ನೋಡು, ಅದ ಹೇಳ್ತದ" ಅಂತ ಬಾಜೂಮನಿ ಸಿದ್ದಲಿಂಗವ್ವ ಹೊಟ್ಟಿ ಹಿಡಕೊಂಡು ನಕ್ಕಿದ್ಳು. ರುಬಿನಾನೂ ನಕ್ಕಿದ್ಳು. ನಕ್ಕು, ಸಿದ್ದಲಿಂಗವ್ವಂದೂ ಒಂದು ಮುಲಾಖತ್ ರಿಕಾರ್ಡ್ ಮಾಡಿಕೊಂಡ ಹೋಗಿದ್ಳು.

ಚೇಷ್ಟಿ ಬ್ಯಾರೆ, ಮರ್ಯಾದಿ ಬ್ಯಾರೆ. ಆಕಿ ಊರಿಗೆ ಬಂದ್ಲಂದ್ರ ತಮ್ಮ ಆರಿಫ ಓಡಿಹೋಗಿ ಯಾರದೋ ಮನಿಯಿಂದ ಕುರ್ಚಿ ತರ್ತಿದ್ದ. ಎಲ್ಲಾರೂ ಚಾಪಿ ಮ್ಯಾಲೆ, ಆಕಿ ಒಬ್ಬಾಕಿ ಕುರ್ಚಿ ಮ್ಯಾಲೆ. "ನಾನೂ ಕೆಳಗ ಕುಂದರ್ತೀನೋ" ಅಂದ್ರ ಯಾರೂ ಕೇಳ್ತಿದ್ದಿಲ್ಲ. ನಡದ ಮಾತು ಆಕಿ ಒಳಗ ಬಂದಕೂಡ್ಲೆ ಗಪ್ಪ ನಿಲ್ತಿತ್ತು. ಹುಟ್ಟಿದ ಮನ್ಯಾಗ ಪಾವಣೇರ ಹಂಗ ಕೂಡೋದು ಎಂಥಾ ಸಂಕಟ ಅನ್ನೋದು ಕುಂತವರಿಗೇ ಗೊತ್ತು.

ಪುಣಾದ ಖೋಲ್ಯಾಗ ಕನ್ನಡ ಮಾತಾಡವರು ಒಬ್ಬರೂ ಇದ್ದಿಲ್ಲ. ಸಂಜೀಮುಂದ ಆಫೀಸಿನಿಂದ ಬಂದು, ಕುಕ್ಕರ್ ಇಟ್ಟು, ತಾನ ರಿಕಾರ್ಡ್ ಮಾಡಿದ ಕ್ಯಾಸೆಟ್ ಹಾಕಿಕೊಂಡು ಕುಂದರ್ತಿದ್ಳು. ಕೆಲಸಕ್ಕಂತ ಅಲ್ಲ. "ಬಾ ಯವ್ವಾ, ಬಿಸಲಾಗ ಬಂದೀದಿ, ನೆರಳಿಗೆ ಕುಂದರು" ಅನ್ನೋ ಒಂದು ದನಿ ಕಿವಿಗೆ ಬೀಳಲಿ ಅಂತ. ಮದಿವಿ ಮಾತು ಬಂದು ಹೋಗಿದ್ವು. ಊರೂರು ತಿರುಗೋ ಹುಡುಗಿ ನಮಗ ಒಗ್ಗಂಗಿಲ್ಲ ಅಂದವರು ಕೆಲವರು, ಇಕೀನೇ ಒಲ್ಲೆ ಅಂದದ್ದು ಕೆಲವು. ಆಮ್ಯಾಲೆ ಕೇಳವರೂ ನಿಂತರು.

ಆರಿಫನ ಮಗಳು ಆರಜೂ ಒಬ್ಬಾಕಿ ಮಾತ್ರ ಈ ಕುರ್ಚಿ-ಗಿರ್ಚಿ ಮರ್ಯಾದಿಗೆ ಕಿಮ್ಮತ್ತ ಕೊಡತಿದ್ದಿಲ್ಲ. ಸಣ್ಣಾಕಿದ್ದಾಗ ಬಂದಕೂಡ್ಲೆ ತೊಡಿ ಏರ್ತಿದ್ಳು, ದೊಡ್ಡಾಕಿ ಆದಮ್ಯಾಲೆ ಕೈ ಹಿಡದು ಎಳದು ಒಲಿ ಮುಂದ ಕೂಡಸ್ತಿದ್ಳು. "ಫುಪ್ಪು, ನಿನ್ನ ಕೂದಲಾಗ ಪುಣಾದ ಹೊಗಿ ವಾಸನಿ" ಅಂತ ಎಣ್ಣಿ ಹಚ್ಚಾಕ ಕುಂತರ, ರುಬಿನಾ ಕಣ್ಣು ಮುಚ್ಚಿಕೊಂಡು ಬಿಡ್ತಿದ್ಳು. ಆ ಒಂದು ತಾಸಿಗಾಗೇ ಆಕಿ ಊರಿಗೆ ಬರ್ತಿದ್ಳು ಅಂದ್ರ ಸುಳ್ಳಲ್ಲ.

ತೊಂಬತ್ತಾರು, ತೊಂಬತ್ತೇಳರ ಸುಮಾರಿಗೆ ಜತ್ ತಾಲೂಕಿನ ಒಂದು ಊರಿಗೆ ರುಬಿನಾ ಕೆಲಸಕ್ಕ ಹೋಗಿದ್ಳು. ಆ ಊರಿನ ಹೆಸರು ಕೇಳಬ್ಯಾಡ್ರಿ. ಆಕಿ ಬರದದ್ರಾಗ ಅದಕ್ಕ 'ಊರು ಕ್ರಮಾಂಕ ನಾಲ್ಕು' ಅಂತ ಅಷ್ಟ ಅದ. ಟ್ಯಾಂಕರ್ ಬಂದ್ರ ಬಂತು, ಬರಲಿಲ್ಲಂದ್ರ ಊರ ಹೊರಗ ಹಳೇ ಪಾವಟಗಿ ಬಾಂವಿ, ಮೆಟ್ಟಲಾ ಇಳದು ಹೋಗುವಂಥಾದ್ದು. ಬ್ಯಾಸಗ್ಯಾಗ ನೀರು ತಳ ಕಂಡು, ಕೊಡಾ ಹೊತ್ತುಕೊಂಡು ಕಟ್ಟಕಡೀ ಪಾವಟಗಿ ತನಕ ಇಳೀಬೇಕು.

ಅಲ್ಲಿ ಸಕೀನಾ ಅನ್ನೋ ವಿಧವಾ ಹೆಣ್ಣಮಗಳ ಮನ್ಯಾಗ ಮುಲಾಖತ್ ಇತ್ತು. ಟೇಪ್ ಹಚ್ಚೋ ಮುಂಚೆ ರುಬಿನಾ ಎಲ್ಲಾರಿಗೂ ಹೇಳೋ ಮಾತು ಒಂದಿತ್ತು: "ನೀವು ಹೇಳಿದ್ದು ನಿಮ್ಮದು ಅಂತ ಯಾರಿಗೂ ಗೊತ್ತಾಗಂಗಿಲ್ಲ. ನಿಮ್ಮ ಹೆಸರು, ಊರ ಹೆಸರು ನನ್ನ ಬಾಯಿಂದ ಹೊರಗ ಬರಂಗಿಲ್ಲ. ಇದು ನನ್ನ ಮಾತು." ಉಳದ ಹೆಂಗಸರು ಇದಕ್ಕ ಕೈ ಬೀಸಿ ನಗ್ತಿದ್ರು, ನಮ್ಮ ಹೆಸರು ಯಾವ ಕಲೆಕ್ಟರಗ ಬೇಕಾಗ್ಯಾದ ಅಂತ. ಸಕೀನಾ ನಗಲಿಲ್ಲ. "ಖರೇನರಿ ಬಾಯಾರ?" ಅಂತ ತಿರುಗಿ ಕೇಳಿದ್ಳು. ರುಬಿನಾ ಎದಿ ಮ್ಯಾಲೆ ಕೈ ಇಟ್ಟು "ಖರೇ ಖಾಲಾ" ಅಂದ್ಳು.

ಆವಾಗ ಸಕೀನಾ ಬಾಯಿ ಬಿಟ್ಟಳು. ಹಿರೇ ಸೊಸಿ ಬಸರಿ ಇದ್ಳು, ದಿನಾ ತುಂಬಾಕ ಬಂದಿತ್ತು. ಟ್ಯಾಂಕರ್ ಬಂದಿದ್ದಿಲ್ಲ. "ಹೋಗಿ ಒಂದ ಕೊಡಾ ತಗೊಂಡ ಬಾ ಅಂತ ನಾನ ಕಳಿಸಿದ್ದೆರಿ. ಹೊಸದಾಗಿ ಬಂದಾಕಿ. ಕಡೀ ಪಾವಟಗಿ ಮ್ಯಾಲೆ ಎಡಗಡೆ ಕಲ್ಲು ಅಳ್ಳಾಡ್ತದ. ನಾವು ಹುಟ್ಟಾ ಇಳಿಯವರು, ಕಾಲ ತಾನ ಬಲಗಡೆ ಹೋಗ್ತದ. ಆಕಿಗೆ ಹೇಳಿ ಕೊಡಬೇಕಿತ್ತು. ಹೇಳಲಿಲ್ಲ." ಹುಡುಗಿ ಬಿದ್ದದ್ದು ಯಾರೂ ನೋಡಿದ್ದಿಲ್ಲ. ತಾನ ಎದ್ದು, ಸೆರಗು ಝಾಡಿಸಿಕೊಂಡು, ಮನಿಗೆ ಬಂದು ಅತ್ತಿ ಒಬ್ಬಾಕಿ ಮುಂದ ಹೇಳಿದ್ಳು. ಕೂಸು ಉಳೀಲಿಲ್ಲ. ಜ್ವರದಿಂದ ಹೋತು ಅಂತ ಮನಿಯವರಿಗೂ ಊರಿಗೂ ಸಕೀನಾ ಹೇಳಿದ್ಳು. ತವರಮನಿಯವರು ಬಂದು ಹುಡುಗಿನ ಕರಕೊಂಡು ಹೋದವರು ತಿರುಗಿ ಕಳಿಸಲಿಲ್ಲ. ಸೊಸಿ ಸ್ವಭಾವ ಸರಿ ಇದ್ದಿಲ್ಲಂತ ಮಂದಿ ಆಡಿಕೊಂಡ್ರು.

"ನಾ ಹಂಗ ಅನ್ನಲಿಲ್ಲರಿ. ಆದ್ರ ಅಂದವರ ಬಾಯಿ ಮುಚ್ಚಿಸಲೂ ಇಲ್ಲ" ಅಂದು ಸಕೀನಾ ಅಳಲಿಲ್ಲ, ಸುಮ್ಮನ ನೆಲಾ ಕೆರದ್ಳು. "ಇದನ್ನ ನನ್ನ ಹೊಟ್ಟೀಲೆ ಹುಟ್ಟಿದ ಮಕ್ಕಳಿಗೂ ಹೇಳಿಲ್ಲ." ರುಬಿನಾ ಟೇಪ್ ಬಂದ್ ಮಾಡಿ ಆಕಿ ಕೈ ಹಿಡಕೊಂಡ್ಳು.

ಇನ್ನ ಮುಂದಿಂದು ಕೇಳ್ರಿ. ಸಕೀನಾ ಹೇಳಿದ ಆ ಮಾತೇ ರುಬಿನಾನ ಮ್ಯಾಲಕ ಎತ್ತಿದ್ದು. ಬಸರಿ ಹೆಣ್ಣಮಕ್ಕಳು, ನೀರು, ಬಾಂವಿ ಅಂತ ಪ್ರಬಂಧ ಬರದು ಮೊದಲು ಪುಣಾದಾಗ, ಆಮ್ಯಾಲೆ ದಿಲ್ಲ್ಯಾಗ ಓದಿದ್ಳು. ಹೆಸರಿಲ್ಲ, ಊರಿಲ್ಲ, 'ಊರು ಕ್ರಮಾಂಕ ನಾಲ್ಕರ ಒಬ್ಬ ಅತ್ತಿ' ಅಂತ ಅಷ್ಟ. ಎಡಗಡೆ ಅಳ್ಳಾಡೋ ಕಲ್ಲಿನ ತನಕ ಬಂದಾಗ ಆ ದೊಡ್ಡ ಹಾಲಿನಾಗ ಮಂದಿ ಉಸರ ಬಿಡಲಿಲ್ಲಂತ. ಆಕಿಗೆ ಬಡತಿ ಸಿಕ್ತು. ಮೊದಲು ಎಲ್ಲಾರೂ ಬರ ಅಂತಿದ್ರು, ಆಮ್ಯಾಲೆ ಜಲಭದ್ರತಾ ಅಂದ್ರು, ಆಮ್ಯಾಲೆ ಹವಾಮಾನ ಅಂದ್ರು. ಹೆಸರು ಬದಲಾದಂಗ ರುಬಿನಾನ ಹುದ್ದಾನೂ ಬೆಳೀತು. ಕೊಡಾ ಮಾತ್ರ ಅದ ನಡದ ಮ್ಯಾಲೇ ಇತ್ತು, ಅದರ ಮಾತು ಬಿಡ್ರಿ.

ಸಂಸ್ಥಾದಾಗ ಹೊಸ ಹುಡುಗರು ಬಂದ್ರ ರುಬಿನಾ ಮೊದಲು ಹೇಳೋ ಪಾಠ ಇದು: "ಒಂದ ಸಲ ಮಾತು ತಪ್ಪಿದ್ರ ಮುಗೀತು. ಇಡೀ ತಾಲೂಕಿನಾಗ ಯಾವ ಹೆಣ್ಣಮಗಳೂ ನಿಮ್ಮ ಮುಂದ ಬಾಯಿ ಬಿಡಂಗಿಲ್ಲ." ಆಕಿ ಎಂದೂ ತಪ್ಪಿದ್ದಿಲ್ಲ. ಗಂಡ ಇಲ್ಲ, ಮಕ್ಕಳಿಲ್ಲ, ಊರಾಗಿನ ಚಾಪಿ ಮ್ಯಾಲೆ ಜಾಗಾ ಇಲ್ಲ. ಮಾತು ಉಳಿಸಿಕೊಂಡಾಕಿ ಅನ್ನೋದೊಂದ ಆಕಿ ಆಸ್ತಿ. ಅದರ ಮ್ಯಾಲೆ ಆಕಿಗೆ ಸೊಕ್ಕೂ ಇತ್ತು. ಇರಲಿ, ಅಷ್ಟರೆ ಬ್ಯಾಡೇನು?

ಎರಡು ಸಾವಿರದ ಒಂದರಾಗ ಆರಜೂನ ನೋಡಾಕ ವರನ ಕಡಿಯವರು ಬರ್ತಾರಂತ ಆರಿಫ ಫೋನ್ ಮಾಡಿದ. "ಆಪಾ, ನೀ ಇರಬೇಕು. ಹುಡುಗ ಆಸೀಫ ಅಂತ, ಮನ್ಯಾಗ ಸಣ್ಣಾಂವ, ಜತ್ ರೋಡಿಗೆ ಜೀಪ್ ಓಡಸ್ತಾನ. ಭಾಳ ಸಭ್ಯಸ್ಥ." ರುಬಿನಾ ಹಿಂದಿನ ದಿನಾನ ಬಂದ್ಳು.

ನಮ್ಮ ಕಡೆ ಹುಡುಗಿ ನೋಡಾಕ ಬರ್ತಾರಂದ್ರ ಬಂಗಾರಕಿಂತ ಮೊದಲು ನೀರು ತೋರಸಬೇಕು. ಆಫೀಸಿನವರು ಬಂದ್ರ ಹನಿ ನೀರಿಲ್ಲ ಅನ್ನೋ ಊರು, ಬೀಗರು ಬರ್ತಾರಂದ್ರ ನೀರಿಗೇನು ಕಮ್ಮಿ ಅಂತದ. ಎರಡೂ ಮಾತು ಅದ ಬಾಯಿಂದ, ಅದ ವಾರದಾಗ! ಆವತ್ತು ಓಣ್ಯಾಗಿನ ತುಂಬಿದ ಕೊಡಾ, ಹಂಡೇವು ಎಲ್ಲಾ ಆರಿಫನ ಪಡಸಾಲಿಗೆ ಬಂದು ಸಾಲಾಗಿ ಕುಂತವು. ಸಿದ್ದಲಿಂಗವ್ವಂತೂ ತನ್ನ ತಾಮ್ರದ ಹಂಡೇನ ಹುಣಸಿಹಣ್ಣು ಹಚ್ಚಿ ತಿಕ್ಕಿ ಥಳಥಳ ಅನಿಸಿ ತಂದು ಇಟ್ಟಳು. ಆದ್ರ ಗಡಿಬಿಡ್ಯಾಗ ಒಂದು ಮರತ್ರು. ಭಾಂಡೇದ ಮ್ಯಾಲೆ ಹೆಸರು ಕೊರಿಸೋ ಪದ್ಧತಿ ಅಲ್ಲಾ? ಪಿಂಜಾರ ಆರಿಫನ ಪಡಸಾಲ್ಯಾಗ 'ಶಿವಯೋಗೆಪ್ಪ', 'ಸೌ. ಸಿದ್ದಲಿಂಗವ್ವ', 'ರೇವಪ್ಪನ ಲಗ್ನದ ಆಹೇರ' ಅಂತ ಹೆಸರುಗಳು ಬಂದವರ ಮಾರಿ ನೋಡಕೋತ ಕುಂತಿದ್ವು. ರುಬಿನಾ ನೋಡಿ, ನಗು ತಡಕೊಂಡು, ಒಂದೊಂದ ಗ್ವಾಡಿ ಕಡೆ ತಿರುವಾಕ ಹತ್ತಿದ್ಳು.

ಅಷ್ಟರಾಗ ಹೊರಗ ಜೀಪ್ ನಿಂತು. ಮೊದಲು ಇಳದಾಕಿ ವರನ ತಾಯಿ. ಬಾಗಲದಾಗ ಕಾಲಿಟ್ಟು ತಲಿ ಎತ್ತಿದ್ಳು. ಸಕೀನಾ.

ರುಬಿನಾನ ಕೈ ಹಂಡೇದ ಮ್ಯಾಲೇ ಉಳೀತು. ಸಕೀನಾನೂ ಹೊಸ್ತಿಲದಾಗ ಒಂದು ಕ್ಷಣ ನಿಂತು, ಆಮ್ಯಾಲೆ ಏನೂ ಆಗದವರ ಹಂಗ ಒಳಗ ಬಂದು ಸಲಾಮ್ ಹೇಳಿದ್ಳು. "ಇವರು ಯಾರ್ರಿ?" ಅಂದ್ಳು. "ನಮ್ಮ ಆಪಾ. ಪುಣಾದಾಗ ದೊಡ್ಡ ನೌಕರಿ" ಅಂತ ಆರಿಫ ಎದಿ ಉಬ್ಬಿಸಿ ಹೇಳಿದ. ಇಬ್ಬರೂ ಹೊಸದಾಗಿ ಭೆಟ್ಟಿ ಆದವರಂಗ ಕೈ ಮುಟ್ಟಿಕೊಂಡ್ರು.

ಚಾ ಆತು, ಚೂಡಾ ಆತು. ಆರಜೂ ತಲಿ ಮ್ಯಾಲೆ ಸೆರಗು ಹೊತ್ತು ಬಂದು ಕುಂತು ಹೋದ್ಳು. ಹೋಗೂಮುಂದ ಜೀಪಿನ ಕಡೆ ಓರೆಗಣ್ಣಿಲೆ ನೋಡಿದ್ದನ್ನ ರುಬಿನಾ ಕಂಡ್ಳು. ಸಕೀನಾ ಕೈ ತೊಳಕೊಳ್ಳಾಕಂತ ಹಿತ್ತಲಿಗೆ ಬಂದಾಗ ರುಬಿನಾ ತಂಬಗಿ ಹಿಡದು ನಿಂತಿದ್ಳು. ಸಕೀನಾ ಹಸಿ ಕೈಲೇ ಆಕಿ ಮುಂಗೈ ಹಿಡದು, "ನೀವು ಇದ್ದದ್ದು ಚಲೋ ಆತ್ರಿ ಬಾಯಾರ" ಅಂದ್ಳು, ಕಣ್ಣಾಗ ನೀರು. ಅಷ್ಟರಾಗ ಆರಿಫನ ಹೆಂಡತಿ ಬಂದ್ಳು, ಮಾತು ಅಲ್ಲಿಗೇ ನಿಂತು. ಗುಟ್ಟು ಕಾಯಿರಿ ಅಂತ ಬೇಡಿಕೊಂಡ್ಲು ಅಂತ ರುಬಿನಾ ತಿಳಕೊಂಡ್ಳು.

ಹೊಂಡೂಮುಂದ ಆರಿಫ ಸಕ್ಕರಿ ಬಟ್ಟಲಾ ತಂದ. ಹುಡುಗಿ ಪಸಂದ ಇದ್ರ ಅಲ್ಲೇ ಬಾಯಿಗೆ ಸಕ್ಕರಿ ಹಾಕೋ ರಿವಾಜು. ಸಕೀನಾ ಬಟ್ಟಲಾ ಬಾಜೂಕ ಸರಿಸಿ, "ನಮಗ ಹುಡುಗಿ ಪಸಂದ ಅದಾಳ್ರಿ. ಆದ್ರ ಸಕ್ಕರಿ ಇವತ್ತ ಬ್ಯಾಡ. ನೀವು ಮನಿಯವರೆಲ್ಲಾ ಕುಂತು ಮಾತಾಡ್ರಿ. ಪೂರಾ ಮಾತಾಡ್ರಿ. ಒಂದು ವಾರ ಬಿಟ್ಟು ಹೇಳಿ ಕಳಸ್ರಿ" ಅಂದ್ಳು. ಅಂದವಳು ನೋಡಿದ್ದು ರುಬಿನಾನ ಕಡೆ.

ಆ ಸಂಜಿ ಆರಿಫ ಗಾದಿ ಹೊಲಿಯೋ ದೊಡ್ಡ ಸೂಜಿ ಕೈಯಾಗ ಹಿಡಕೊಂಡೇ ಕೇಳಿದ: "ಆಪಾ, ನೀ ಆ ಕಡೆ ಊರಾಗೆಲ್ಲಾ ಕೆಲಸಾ ಮಾಡೀದಿ ಅಲ್ಲಾ? ಮನಿತನ ಹ್ಯಾಂಗ?"

"ಊರು ಭಾಳ ಒಣಾ ಊರೋ. ಬ್ಯಾರೆ ಕಡೆ ನೋಡಿದ್ರ..."

ಆರಿಫ ಬಿದ್ದು ಬಿದ್ದು ನಕ್ಕ. "ನಮ್ಮದೇನು ಕೃಷ್ಣಾ ದಂಡಿ ಊರೇನು? ಮುಂಜಾನೆ ತಂದ ಹಂಡೇವು ಇನ್ನೂ ತಿರುಗಿ ಕೊಟ್ಟಿಲ್ಲ ನಾವು! ಊರು ಬಿಡು. ಮನಿತನ ಕೇಳಿದ್ದು ನಾ. ಏನರೆ ಗೊತ್ತಿದ್ರ ಹೇಳು, ನಿನ್ನ ಮಾತು ಮೀರಿ ನಾ ಹೋಗಂಗಿಲ್ಲ."

ರುಬಿನಾ ತಲಿ ತಗ್ಗಿಸಿದ್ಳು. ಹೇಳಿದ್ರ ಸಕೀನಾನ ಮಾರಿ ಊರಾಗ ಏನಾದೀತು? ತಾ ಎದಿ ಮುಟ್ಟಿ ಕೊಟ್ಟ ಮಾತಿಗೆ ಏನು ಕಿಮ್ಮತ್ತು? ತನ್ನ ಮನಿ ಬ್ಯಾರೆ, ಮಂದಿ ಮನಿ ಬ್ಯಾರೆ ಅಂತ ಮಾಡಿದ್ರ ತಾ ಇಷ್ಟು ವರ್ಷ ಮಾಡಿದ್ದು ಏನು? "ನನಗ ಗೊತ್ತಿಲ್ಲೋ" ಅಂದ್ಳು. ತಮ್ಮನ ಮುಂದ ಆಡಿದ ಮೊದಲನೇ ಸುಳ್ಳದು.

ಆರಜೂ ಬಿಟ್ಟಾಳೇನು? ಮರುದಿನ ಎಣ್ಣಿ ಬಟ್ಟಲಾ ಹಿಡಕೊಂಡು ಬಂದು ಹಿಂದ ಕುಂತ್ಳು. ಕೂದಲಾಗ ಬೆರಳಾಡಿಸಿಕೋತ, "ಫುಪ್ಪು, ಅಬ್ಬಾಗ ಹೇಳಿದ್ದು ಬಿಡು. ನನಗ ಹೇಳು. ನೀ ಹೂಂ ಅಂದ್ರ ನಾ ಹೂಂ ಅಂತೀನಿ" ಅಂದ್ಳು.

ಮಾರಿ ಕಾಣದ ಕಡೆ ಕುಂತಿದ್ಲಲ್ಲ, ಅದೊಂದು ಪುಣ್ಯ. "ಹುಡುಗ ಚಲೋ ಅದಾನ" ಅಂದ್ಳು ರುಬಿನಾ. ಅದು ಖರೇ ಇತ್ತು. ಖರೇ ಮಾತಿನ ಹಿಂದ ನಿಂತು ಬಾಯಿ ಮುಚ್ಚಿಕೊಳ್ಳೋದು ಕಲತವರಿಗೆ ಭಾಳ ಸಸಾರ. ಸಕೀನಾ ಪಶ್ಚಾತ್ತಾಪ ಪಟ್ಟಾಳ, ಇನ್ನೊಂದ ಸಲ ಹಂಗ ಮಾಡಂಗಿಲ್ಲ. ಆ ಊರಾಗ ಬೋರವೆಲ್ ಆಗತದಂತ, ನಳಾ ಬರ್ತದಂತ... ಪುಣಾಕ್ಕ ಹೋಗೋ ಎಸ್ಟಿ ಬಸ್ಸಿನಾಗ ಕಿಡಕಿ ಬಾಜೂಕ ಕುಂತು ಇವನ್ನೆಲ್ಲಾ ತನಗ ತಾನ ಹೇಳಿಕೊಂಡ್ಳು. ಹೇಳಿಕೊಳ್ಳಾಕ ಬ್ಯಾರೆ ಯಾರಿದ್ರು ಆಕಿಗೆ?

ವಾರದ ಮ್ಯಾಲೆ ಆರಿಫ ಹೂಂ ಅಂತ ಹೇಳಿ ಕಳಿಸಿದ. ಸಕೀನಾ ತಾನ ಬಂದು ಆರಜೂನ ಬಾಯಿಗೆ ಸಕ್ಕರಿ ಹಾಕಿ, ತಬ್ಬಿಕೊಂಡು ಅತ್ತಳಂತ. ಬೀಗತಿ ಎಂಥಾ ಮೆತ್ತನ್ನ ಮನಸ್ಸಿನಾಕಿ ಅಂತ ಇಡೀ ಓಣಿ ಮಾತಾಡಿಕೊಂಡಿತು. ನಿಖಾ ಆತು. ರುಬಿನಾ ಒಂದು ಬಂಗಾರದ ಸರಾ ಹಾಕಿ, ಎಲ್ಲಾರಿಗಿಂತ ಮೊದಲು ಪುಣಾಕ್ಕ ಹೊಂಟು ಬಂದ್ಳು.

ಮುಂದ ಎರಡು ವರ್ಷ ಮಳಿ ಕೈ ಕೊಟ್ಟಿತು. ಎರಡು ಸಾವಿರದ ಮೂರರ ಬ್ಯಾಸಗಿ ಅಂದ್ರ ಜತ್ ತಾಲೂಕಿನವರು ಇವತ್ತಿಗೂ ಕಿವಿ ಹಿಡಕೋತಾರ. ರುಬಿನಾಗ ಕೈತುಂಬ ಕೆಲಸ; ಮುಂಬೈ, ದಿಲ್ಲಿ ಅಂತ ಓಡಾಟ. ಆರಜೂ ಎಸ್‌ಟಿಡಿ ಬೂತಿನಿಂದ ಫೋನ್ ಮಾಡ್ತಿದ್ಳು. "ಅತ್ತಿ ನನಗ ಕೊಡಾ ಮುಟ್ಟಾಕ ಬಿಡಂಗಿಲ್ಲ ಫುಪ್ಪು. ಬಾಂವಿಗೆ ಹೋಗಬ್ಯಾಡ, ಹೋಗಬ್ಯಾಡ ಅಂತ ಜಪಾ ಮಾಡ್ತಾಳ. ತಾನ ಏದುಸಿರು ಬಿಟಗೋತ ಹೊತ್ತು ತರ್ತಾಳ. ನನಗ ನಾಚಿಕಿ ಆಗ್ತದ." ಇದನ್ನ ಕೇಳಿ ರುಬಿನಾ ಫೋನ್ ಇಟ್ಟು ಹಗುರಾಗಿ ಉಸರ ಬಿಡ್ತಿದ್ಳು. ನೋಡು, ತಾ ಅಂದಂಗೇ ಆತು, ಮಾತೂ ಉಳೀತು, ಹುಡುಗಿನೂ ಸುಖದಾಗ ಅದಾಳ! ಬಸರಿ ಅಂತ ಸುದ್ದಿ ಬಂದಾಗ ಆಫೀಸಿನವರಿಗೆಲ್ಲಾ ಪೇಢೆ ಹಂಚಿದ್ಳು.

ಒಂದು ಮುಂಜಾನೆ ಆರಿಫನ ಫೋನ್ ಆಫೀಸಿಗೇ ಬಂತು. "ಆಪಾ, ಆರಜೂಂದು ಹೊಟ್ಯಾಗಿನ ಕೂಸು ಹೋತು. ಬಾಂವ್ಯಾಗ ಜಾರಿ ಬಿದ್ಲಂತ. ಜೀವಕ್ಕೇನಾಗಿಲ್ಲ, ನೀ ಘಾಬರಿ ಆಗಬ್ಯಾಡ."

ಯಾವ ಪಾವಟಗಿ ಅಂತ ರುಬಿನಾ ಕೇಳಲಿಲ್ಲ.

ಜತ್ತಿನ ಸ್ಟ್ಯಾಂಡಿನಾಗ ಆಸೀಫ ಜೀಪ್ ತಂದು ನಿಂತಿದ್ದ. ಊರು ಹತ್ರ ಬಂದಾಗ ಅಂವ ಒಂದ ಮಾತು ಅಂದ: "ಅಮ್ಮಾ ತನ್ನ ತಂಗಿ ಮನಿಗೆ ಹೋಗಿದ್ಲು ಫುಪ್ಪು. ಟ್ಯಾಂಕರ್ ಬರಲಿಲ್ಲ. ನಾ ರೋಡ್ ಮ್ಯಾಲಿದ್ದೆ." ಅಂದು ಸ್ಟೇರಿಂಗ ಗಟ್ಟಿ ಹಿಡದ.

ಒಳಗ ಆರಜೂ ಹೊರಸಿನ ಮ್ಯಾಲೆ ಮಲಗಿದ್ಳು, ಮಾರಿ ಬಿಳಚಿಕೊಂಡಿತ್ತು. ರುಬಿನಾನ ನೋಡಿ ಕೈ ಚಾಚಿದ್ಳು. "ಫುಪ್ಪು ಬಂದಿ?" ಅಂದು ಆಕಿ ಸೆರಗು ಮಾರಿಗೆ ಒತ್ತಿಕೊಂಡು ಅತ್ತಳು. ರುಬಿನಾ ಹೊರಸಿನ ಅಂಚಿಗೆ ಕುಂತು ತಲಿ ಸವರಿದ್ಳು. ಆಕಿಗೂ ಅಳು ಬಂತು, ಆದ್ರ ಅಳಾಕ ತನಗ ಹಕ್ಕದೋ ಇಲ್ಲೋ ಅಂತ ಅಂಜಿಕಿನೂ ಬಂತು.

ಸಕೀನಾ ಒಲಿ ಕಡಿಯಿಂದ ಬಂದು ನೆಲದ ಮ್ಯಾಲೆ ಕುಸದ್ಳು. ಅತ್ತೂ ಅತ್ತೂ ಆಕಿ ಕಣ್ಣು ಬಾತಿದ್ವು. "ಕೈ ಮುಗದು ಹೇಳಿದ್ದೆರಿ ಬಾಯಾರ, ಬಾಂವಿಗೆ ಮಾತ್ರ ಹೋಗಬ್ಯಾಡ ಅಂತ. ಒಂದ ದಿನ ನೀರಿಲ್ಲಂದ್ರ ಸಾಯತಿದ್ವೇನು?"

"ನೀವು ಸಂಜಿಗೆ ಬರವರಿದ್ರಿ. ಬಂದು ಮತ್ತ ನೀವ ಕೊಡಾ ಹೊರ್ತೀರಿ ಅಂತ ಹೋಗಿದ್ದೆರಿ ಅತ್ತಿ" ಅಂದ್ಳು ಆರಜೂ. "ಒಂದ ಕೊಡಾ ಅಷ್ಟ. ಎಲ್ಲಾರೂ ಇಳೀತಾರ, ನನಗೇನಾಗ್ತದ ಅಂದ್ಕೊಂಡೆ."

"ಅಯ್ಯ ನನ್ನ ಕೂಸ! ಎಲ್ಲಾ ಗೊತ್ತಿದ್ದಾಕಿ ನೀ! ಆ ಕಲ್ಲಿಂದು ಗೊತ್ತಿದ್ದೂ ಎಡಗಡೆ ಕಾಲ ಹ್ಯಾಂಗ ಇಟ್ಟಿ?"

"ಯಾವ ಕಲ್ಲು?"

ಸಕೀನಾ ಅಳೋದು ನಿಲ್ಲಿಸಿದ್ಳು. ಸೊಸಿ ಮಾರಿ ನೋಡಿದ್ಳು, ಆಮ್ಯಾಲೆ ನಿಧಾನಕ್ಕ ರುಬಿನಾನ ಕಡೆ ತಿರುಗಿದ್ಳು. "ನೀವು ಹೇಳಲಿಲ್ಲಾ?"

"ನಿಮಗ ಮಾತು ಕೊಟ್ಟಿದ್ದೆ ಖಾಲಾ. ಯಾರಿಗೂ ಹೇಳಂಗಿಲ್ಲ ಅಂತ."

"ಅದು ಆಫೀಸಿನವರಿಗರೀ! ಪೇಪರಿಗರೀ!" ಸಕೀನಾನ ದನಿ ಚೀರಿದಂಗ ಬಂತು. "ಮನಿ ಹುಡುಗಿಗೆ ಹೇಳಬ್ಯಾಡ ಅಂತ ನಾ ಯಾವಾಗ ಅಂದೆ? ನಿಮ್ಮನ್ನ ಆ ಮನ್ಯಾಗ ನೋಡಿ, ಅಲ್ಲಾ ದೊಡ್ಡಾಂವ, ನನ್ನ ಬಾಯಿಲೆ ಆಗದ ಮಾತನ್ನ ಇವರು ಆಡ್ತಾರ ಅಂದ್ಕೊಂಡೆ. ಅದಕ್ಕ ಒಂದ ವಾರ ಸಕ್ಕರಿ ತಡದೆ. ನೀವು ಹೂಂ ಅಂತ ಹೇಳಿ ಕಳಿಸಿದ್ರಿ. ಎಲ್ಲಾ ಗೊತ್ತಿದ್ದೂ ನನ್ನ ಮನಿಗೆ ಬರ್ತೀನಿ ಅಂದ್ಲಲ್ಲ ಈ ಹುಡುಗಿ ಅಂತ, ನಾ ಆಕಿನ ತಲಿ ಮ್ಯಾಲೆ ಇಟಗೊಂಡೆ. ಗೊತ್ತದ ಅಂತ ತಿಳದು ಕಲ್ಲಿನ ಮಾತು ತಗೀಲಿಲ್ಲ. ಆಕಿಗೆ ನೋವು ಯಾಕ ಅಂತ ತಗೀಲಿಲ್ಲ!"

ಆರಜೂಗ ಪೂರಾ ತಿಳೀಲಿಲ್ಲ. ಸಕೀನಾನೇ ಎಲ್ಲಾ ಹೇಳಿದ್ಳು. ಹಿರೇ ಸೊಸಿ, ಕೂಸು, ಕಟ್ಟಕಡೀ ಪಾವಟಗಿ, ಜ್ವರಾ ಅಂತ ಹೇಳಿದ ಸುಳ್ಳು. ಏನೂ ಬಿಡದ, ಸೊಸಿ ಕಾಲ ಹಿಡಕೊಂಡು. ಬಾಗಲದಾಗ ನಿಂತ ಆಸೀಫನೂ ಮೊದಲನೇ ಸಲ ಕೇಳಿದ. ಆರಜೂ ಅತ್ತಿ ಮ್ಯಾಲೆ ಸಿಟ್ಟಿಗೇಳಲಿಲ್ಲ. ಕಾಲ ಮ್ಯಾಲಿನ ಆಕಿ ಕೈಯನ್ನ ಬಿಡಿಸಿ ತನ್ನ ಕೈಯಾಗ ಹಿಡಕೊಂಡ್ಳು. ಆಮ್ಯಾಲೆ ರುಬಿನಾನ ಕಡೆ ನೋಡಿದ್ಳು.

"ನೀ ಇದನ್ನ ಯಾರಿಗೂ ಹೇಳಿಲ್ಲಾ ಫುಪ್ಪು?"

ಹೇಳಿಲ್ಲ ಅನ್ನಬಹುದಿತ್ತು. ಆದ್ರ ಈ ಹುಡುಗಿ ಮುಂದ ಇನ್ನೊಂದು ಸುಳ್ಳು ರುಬಿನಾನ ಕಡಿಂದ ಆಗಲಿಲ್ಲ. "ಹೆಸರಿಲ್ಲದ ಹೇಳೀನಿ. ಸಭಾದಾಗ."

"ಎಲ್ಲೆ?"

"ದಿಲ್ಲ್ಯಾಗ."

"ಭಾಳ ಮಂದಿ ಇದ್ರೇನು?"

"ಇದ್ರು."

"ಕಲ್ಲಿಂದೂ ಹೇಳಿದ್ದೇನು? ಎಡಗಡೆ ಅಳ್ಳಾಡ್ತದಂತ?"

ರುಬಿನಾ ಹೂಂ ಅಂತ ತಲಿ ಹಾಕಿದ್ಳು. ಬಾಂವಿ ಹೆಂಗಿರ್ತದಂತ ಕಣ್ಣಿಲೆ ನೋಡದ ದಿಲ್ಲಿ ಮಂದಿಗೆ ಆ ಕಲ್ಲು ಗೊತ್ತಿತ್ತು. ಅದರ ಮ್ಯಾಲೆ ಕಾಲಿಡೋ ಹುಡುಗಿಗೆ ಗೊತ್ತಿದ್ದಿಲ್ಲ. ಇಷ್ಟು ವರ್ಷ ಊರೂರು ತಿರುಗಿ ಕೇಳಿದ್ದು, ಬರದದ್ದು, ಓದಿದ್ದು ಯಾರಿಗಾಗಿ?

ಆರಜೂ ಬಯ್ಯಲಿಲ್ಲ. ಬೈದಿದ್ರ ಎಷ್ಟೋ ಚಲೋ ಇತ್ತು. ಆಕಿ ತುಟಿ ಸವರಿಕೊಂಡು, "ನೀರು ಬೇಕಾಗ್ಯಾದ" ಅಂದ್ಳು. ರುಬಿನಾ ಗಡಬಡಿಸಿ ಎದ್ದಳು.

"ನೀ ಕುಂದರು ಫುಪ್ಪು. ಅತ್ತಿ ಕೊಡ್ತಾರ."

ಸಕೀನಾ ಎದ್ದು ವಾಟೇದಾಗ ನೀರು ತಂದು, ಸೊಸಿ ಕುತ್ತಿಗಿ ಕೆಳಗ ಕೈ ಕೊಟ್ಟು ಎತ್ತಿ ಕುಡಿಸಿದ್ಳು. ಆರಜೂ ಪೂರಾ ಕುಡದು, ಬಾಗಲದಾಗಿನ ಗಂಡನ ಕಡೆ ನೋಡಿ, "ಫುಪ್ಪುಗ ಪುಣಾ ಗಾಡಿ ತಪ್ಪತದ. ಲಗೂನ ಸ್ಟ್ಯಾಂಡಿಗೆ ಬಿಟ್ಟು ಬರ್ರಿ" ಅಂದ್ಳು.

ಆಸೀಫ ಗಲಿಬಿಲಿಯಾಗಿ ಬಾಗಲದಾಗಿಟ್ಟ ಚೀಲದ ಕಡೆ ನೋಡಿದ. ತುಂಬಿದ ಚೀಲ ಅದು. ರುಬಿನಾ ರಜಾ ಹಾಕಿ, ಹುಡುಗಿ ಎದ್ದು ಓಡಾಡೋ ತನಕ ಇರಬೇಕಂತ ಬಂದಿದ್ಳು.